ತಿಂಗಳ ಸಂಬಳ, ವರ್ಷದ ಲೆಕ್ಕ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದಲ್ಲಿ ಆದಾಯ ತೆರಿಗೆಯ ಮೂಲ ಕಡಿತ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್ ಪ್ರದೇಶದ ಆರ್ಥಿಕ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಭೂಕಂದಾಯದ ಸುತ್ತಲೇ ಬೆಳೆದಿವೆ. ಶಾಸನೋಕ್ತ ಸುಂಕಗಳು, ಬಹಮನಿ ಮತ್ತು ವಿಜಯನಗರದ ಅರಸರ ನಡುವಣ ಪೈಪೋಟಿ, ನಿಜಾಮರ ಕಾಲದ ಜಾಗೀರು ಹಾಗೂ ಇನಾಮುಗಳು ವಿದ್ವಾಂಸರ ಗಮನವನ್ನು ಸೆಳೆದಷ್ಟು ತಿಂಗಳ ಸಂಬಳದ ಪಟ್ಟಿ ಸೆಳೆದಿಲ್ಲ. ನೆಲವನ್ನೇ ನಂಬಿ ಬದುಕಿದ ಸೀಮೆಯಲ್ಲಿ ಇದು ಸಹಜವೇ. ಆದರೂ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ, ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ವ್ಯವಹಾರ, ಈಚೆಗೆ ತಾಲ್ಲೂಕು ಕೇಂದ್ರವಾದ ಮಸ್ಕಿಯಲ್ಲಿ ಹೊಸ ಸರ್ಕಾರಿ ಕಚೇರಿಗಳು—ಹೀಗೆ ಮೂರು ಬಗೆಯ ಜೀವನೋಪಾಯಗಳು ಒಂದಕ್ಕೊಂದು ತಾಗಿಕೊಂಡಿರುವ ಈ ಪರಿಸರದಲ್ಲಿ, ವೈಯಕ್ತಿಕ ಆದಾಯ ತೆರಿಗೆಯನ್ನು ಸಂಬಳದಲ್ಲೇ ಕಡಿದುಕೊಳ್ಳುವ ಪದ್ಧತಿಯು ಹೇಗೆ ಬಂದಿತು, ಹೇಗೆ ಮಾರ್ಪಟ್ಟಿತು ಎಂಬುದು ಚರಿತ್ರೆಯ ಪ್ರಶ್ನೆಯೇ ಆಗಿದೆ. ಫಸಲು ಕೈಸೇರಿದ ಮೇಲೆ ಲೆಕ್ಕ ಹಾಕುವುದು ಈ ಸೀಮೆಯ ರೂಢಿ; ವರ್ಷ ಆರಂಭವಾಗುವಾಗಲೇ ವರ್ಷದ ವರಮಾನವನ್ನು ಅಂದಾಜು ಮಾಡಬೇಕೆಂಬುದು ಮೂಲ ಕಡಿತದ ನಿಯಮ. ಈ ಎರಡು ಲೆಕ್ಕಗಳು ಒಂದೇ ಮನೆಯೊಳಗೆ ಕೂಡಿಕೊಂಡಾಗ ಉಂಟಾಗುವ ತೊಡಕನ್ನು ಅರಿಯದೆ ತೆರಿಗೆಯ ಬದಲಾವಣೆಗಳ ಪರಿಣಾಮವನ್ನು ತಿಳಿಯಲಾಗದು.

ಮೂಲದಲ್ಲಿಯೇ ವಸೂಲು ಮಾಡುವ ಕಲ್ಪನೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ತೆರಿಗೆಗಳ ಹೆಸರುಗಳೂ ಅವುಗಳ ಮೇಲ್ವಿಚಾರಕನಾದ ಸುಂಕವೆರ್ಗಡೆಯ ಹೆಸರೂ ಮತ್ತೆ ಮತ್ತೆ ಬರುತ್ತವೆ. ಸರಕು ಮಾರುಕಟ್ಟೆಗೆ ತಲುಪುವ ಮೊದಲೇ ದಾರಿಯಲ್ಲಿ ಸುಂಕ ತೆರಬೇಕಾಗಿತ್ತು. ಹಳ್ಳಿಯ ಕಣದಲ್ಲಿಯೂ ಹೀಗೆಯೇ: ರಾಶಿ ಮನೆಗೆ ಹೋಗುವ ಮುನ್ನ ಆಯಗಾರರ ಪಾಲು ಅಲ್ಲಿಯೇ ಅಳೆದುಕೊಡಲ್ಪಡುತ್ತಿತ್ತು. ಆದರೆ ಕಣದ ಪಾಲಿಗೂ ಸಂಬಳದ ಕಡಿತಕ್ಕೂ ಒಂದು ಮೂಲಭೂತ ವ್ಯತ್ಯಾಸವುಂಟು. ಕಣದಲ್ಲಿ ಕಣ್ಣೆದುರಿನ ರಾಶಿಯನ್ನು ಅಳೆಯಲಾಗುತ್ತದೆ. ಸಂಬಳದಲ್ಲಿ ಏಪ್ರಿಲ್ ತಿಂಗಳ ಕಡಿತವು ಮುಂದಿನ ಮಾರ್ಚ್‌ವರೆಗೆ ಬರಬಹುದಾದ, ಇನ್ನೂ ಬಾರದ ಹಣದ ಅಂದಾಜನ್ನು ಆಧರಿಸಿರುತ್ತದೆ. ಅಂದಾಜು ತಪ್ಪಿದರೆ ಕೊರತೆಯ ಭಾರವೆಲ್ಲ ವರ್ಷದ ಕೊನೆಯ ತಿಂಗಳುಗಳ ಮೇಲೆ ಬೀಳುತ್ತದೆ.

ಆಧುನಿಕ ಆದಾಯ ತೆರಿಗೆಯ ಚರಿತ್ರೆಯಲ್ಲಿ 1860 ಮುಖ್ಯವಾದ ವರ್ಷ. 1857ರ ದಂಗೆಯ ನಂತರ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ ರೂಪಿಸಿದ ಕಾಯ್ದೆ ಆ ವರ್ಷದ ಜುಲೈ ತಿಂಗಳಲ್ಲಿ ಜಾರಿಗೆ ಬಂದಿತು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯಕ್ಕೆ ತೆರಿಗೆ ಇರಲಿಲ್ಲ. 200ರಿಂದ 500 ರೂಪಾಯಿವರೆಗೆ ಶೇ. 2, ಅದಕ್ಕೆ ಮೇಲ್ಪಟ್ಟರೆ ಶೇ. 4 ದರವಿತ್ತು. ದೋಆಬ್ ಪ್ರದೇಶದ ಪಾಲಿಗೆ ಈ ವರ್ಷಕ್ಕೆ ಇನ್ನೊಂದು ಮಹತ್ವವಿದೆ. ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ವೆಚ್ಚದ ಬಾಬ್ತು 1853ರಲ್ಲಿ ನಿಜಾಮರಿಂದ ಬ್ರಿಟಿಷರ ಆಡಳಿತಕ್ಕೆ ಹೋಗಿದ್ದ ರಾಯಚೂರು ದೋಆಬ್, 1860ರ ಡಿಸೆಂಬರ್ ಒಪ್ಪಂದದಂತೆ ನಿಜಾಮರಿಗೆ ಮರಳಿತು. ಹೀಗಾಗಿ ಬ್ರಿಟಿಷ್ ಇಂಡಿಯಾದಲ್ಲಿ ಆದಾಯ ತೆರಿಗೆ ಹುಟ್ಟಿದ ವರ್ಷವೇ ಈ ಭಾಗವು ಬ್ರಿಟಿಷ್ ಇಂಡಿಯಾದ ಆಡಳಿತದಿಂದ ಹೊರಬಿದ್ದಿತು. 1800ರಲ್ಲಿಯೇ ದತ್ತಮಂಡಲದ ಭಾಗವಾಗಿ ಕಂಪನಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ ಹೊಳೆಯ ಆಚೆ ದಡದಲ್ಲಿತ್ತು. ಸಿರುಗುಪ್ಪದ ಕಡೆ ಒಂದು ಕಾನೂನು, ಸಿಂಧನೂರಿನ ಕಡೆ ಮತ್ತೊಂದು. ಸುಮಾರು 90 ವರ್ಷ ಕಾಲ ತುಂಗಭದ್ರೆ ತೆರಿಗೆಯ ಗಡಿಯೂ ಆಗಿತ್ತೆಂಬುದನ್ನು ಜಿಲ್ಲಾ ಚರಿತ್ರೆಗಳು ಅಷ್ಟಾಗಿ ಗಮನಿಸಿಲ್ಲ.

ವಿಲ್ಸನ್ನನ ಕಾಯ್ದೆ 1865ರಲ್ಲಿ ಕೊನೆಗೊಂಡಿತು. ನಡುವೆ ಬಂದುಹೋದ ಪ್ರಯೋಗಗಳನ್ನು ಬಿಟ್ಟರೆ, 1886ರ ಕಾಯ್ದೆಯೇ ಸ್ಥಿರವಾದ ತಳಹದಿಯನ್ನು ಹಾಕಿತು. ಇದರಲ್ಲಿ ಎರಡು ಅಂಶಗಳು ಮುಂದಿನ ಕಾಲಕ್ಕೆಲ್ಲ ಉಳಿದವು. ಕೃಷಿ ಆದಾಯವನ್ನು ತೆರಿಗೆಯಿಂದ ಹೊರಗಿಟ್ಟದ್ದು ಮೊದಲನೆಯದು. ಸರ್ಕಾರಿ ನೌಕರನ ತೆರಿಗೆಯನ್ನು ಸಂಬಳ ಬಟವಾಡೆಯ ಸಮಯದಲ್ಲಿಯೇ ಹಿಡಿದುಕೊಳ್ಳತಕ್ಕದ್ದೆಂಬ ವಿಧಿ ಎರಡನೆಯದು. ದೇಶೀ ಸಂಸ್ಥಾನಗಳಲ್ಲಿ ಭಾರತ ಸರ್ಕಾರದ ಸೇವೆಯಲ್ಲಿದ್ದ ಬ್ರಿಟಿಷ್ ಪ್ರಜೆಗಳಿಗೂ ಈ ಕಾಯ್ದೆ ಅನ್ವಯವಾಗುತ್ತಿತ್ತು. ಲಿಂಗಸುಗೂರಿನಲ್ಲಿ ಆಗ ಕಂಟಿಂಜೆಂಟಿನ ಛಾವಣಿ ಇತ್ತು. ಊರು 1905ರವರೆಗೆ ನಿಜಾಮರ ಒಂದು ಜಿಲ್ಲೆಯ ಕೇಂದ್ರವೂ ಆಗಿತ್ತು. ಆದುದರಿಂದ ನಿಜಾಮರ ನೌಕರನೂ ಭಾರತ ಸರ್ಕಾರದ ನೌಕರನೂ ಒಂದೇ ಊರಿನಲ್ಲಿದ್ದು, ಒಬ್ಬನ ಸಂಬಳ ಇಡಿಯಾಗಿಯೂ ಮತ್ತೊಬ್ಬನದು ಕಡಿತಗೊಂಡೂ ಕೈಸೇರುವ ಸಾಧ್ಯತೆಗೆ ಕಾನೂನಿನಲ್ಲಿಯೇ ಆಸ್ಪದವಿತ್ತು.

1922ರ ಕಾಯ್ದೆಯ 18ನೇ ಕಲಂ ಈ ಹೊಣೆಯನ್ನು ಸಂಬಳ ಕೊಡುವ ಎಲ್ಲರ ಮೇಲೂ ಹೊರಿಸಿತು. ಖಾಸಗಿ ಕಂಪನಿಯೂ ಸರ್ಕಾರದ ಪರವಾಗಿ ತೆರಿಗೆ ಹಿಡಿಯುವ ಕೈಯಾಯಿತು. ಎರಡನೆಯ ಮಹಾಯುದ್ಧದ ಹಣದುಬ್ಬರದ ದಿನಗಳಲ್ಲಿ, 1944ರಲ್ಲಿ, ಸಂಬಳವಲ್ಲದ ಆದಾಯಕ್ಕೂ ‘ಗಳಿಸುತ್ತ ತೆರು’ ಎಂಬ ಮುಂಗಡ ತೆರಿಗೆಯ ಪದ್ಧತಿ ಬಂದಿತು. ಯುದ್ಧಕ್ಕೆ ಹಣ ಬೇಕಿತ್ತು; ವರ್ಷ ಮುಗಿದು, ಲೆಕ್ಕ ಸಲ್ಲಿಕೆಯಾಗಿ, ತೆರಿಗೆ ನಿರ್ಧಾರವಾಗುವವರೆಗೆ ಕಾಯುವ ಸ್ಥಿತಿಯಲ್ಲಿ ಸರ್ಕಾರ ಇರಲಿಲ್ಲ.

ಹೈದರಾಬಾದ್ ಸಂಸ್ಥಾನದ ಕಥೆ ಬೇರೆ. ಮೊದಲನೆಯ ಸಾಲಾರ್ ಜಂಗನ ಸುಧಾರಣೆಗಳಿಂದ ಗುತ್ತಿಗೆಯ ವಸೂಲಿ ಹೋಗಿ, 1865ರ ಜಿಲ್ಲಾಬಂದಿಯೊಂದಿಗೆ ಸಂಬಳದ ನೌಕರವರ್ಗ ಹುಟ್ಟಿಕೊಂಡರೂ, ಆ ಸಂಬಳದ ಮೇಲೆ ಬ್ರಿಟಿಷ್ ಇಂಡಿಯಾದಂತಹ ಆದಾಯ ತೆರಿಗೆ ಬಹುಕಾಲ ಇರಲಿಲ್ಲ. ಕೊನೆಗೆ ಸಂಸ್ಥಾನದ ಅಂತಿಮ ದಿನಗಳಲ್ಲಿ 1357 ಫಸಲಿಯ, ಎಂದರೆ 1947-48ರ, ಹೈದರಾಬಾದ್ ಆದಾಯ ತೆರಿಗೆ ಕಾಯ್ದೆ ಬಂದಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, 1949ರ ಜಾಗೀರು ರದ್ದಿಯಾತಿಗಳ ಬೆನ್ನಲ್ಲೇ, ವಿ.ಟಿ. ಕೃಷ್ಣಮಾಚಾರಿ ಅವರ ಅಧ್ಯಕ್ಷತೆಯ ಸಮಿತಿಯು ಸಂಸ್ಥಾನಗಳ ಹಣಕಾಸನ್ನು ಒಕ್ಕೂಟದೊಂದಿಗೆ ಜೋಡಿಸುವ ದಾರಿಯನ್ನು ಸೂಚಿಸಿತು. 1950ರ ಏಪ್ರಿಲ್ 1ರಿಂದ ಭಾರತೀಯ ಆದಾಯ ತೆರಿಗೆ ಕಾಯ್ದೆಯು ‘ಬಿ’ ವರ್ಗದ ರಾಜ್ಯವಾದ ಹೈದರಾಬಾದಿಗೂ ವಿಸ್ತರಿಸಿತು. ದಿಢೀರನೆ ಪೂರ್ಣ ದರ ಹೇರಿದರೆ ಜನಕ್ಕೆ ಹೊರೆಯಾಗುವುದೆಂದು ಅದೇ ವರ್ಷದ ರಿಯಾಯಿತಿ ಆದೇಶವೊಂದು ದರಗಳನ್ನು ಹಂತಹಂತವಾಗಿ ಏರಿಸಿತು. ತೆರಿಗೆ ಬದಲಾಗುವಾಗ ಮುಂದಾಲೋಚನೆಗೆ ಕಾಲಾವಕಾಶ ಕೊಡಬೇಕೆಂಬ ವಿವೇಕ ಈ ಆದೇಶದಲ್ಲಿದೆ. ನಂತರದ ದಶಕಗಳ ವಾರ್ಷಿಕ ಹಣಕಾಸು ಕಾಯ್ದೆಗಳಲ್ಲಿ ಇಂತಹ ಸಾವಧಾನ ಅಪರೂಪ.

ಆ ಸಂಧಿಕಾಲದ ಇನ್ನೆರಡು ತೊಡಕುಗಳನ್ನು ಇಲ್ಲಿ ನೆನೆಯಬೇಕು. ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಆಗಿನ್ನೂ ಚಲಾವಣೆಯಲ್ಲಿತ್ತು. ಏಳು ಹಾಲಿ ಸಿಕ್ಕಾಗಳಿಗೆ ಆರು ಭಾರತೀಯ ರೂಪಾಯಿ, ಎಂದರೆ ಜನರ ಮಾತಿನ ‘ಕಲ್ದಾರ್’, ಎಂಬುದು ಸ್ಥೂಲವಾದ ದರ. ತಿಂಗಳಿಗೆ 350 ಹಾಲಿ ಸಿಕ್ಕಾ ಸಂಬಳವೆಂದರೆ ತೆರಿಗೆಯ ಲೆಕ್ಕಕ್ಕೆ 300 ರೂಪಾಯಿ. ಮತ್ತೊಂದು ತೊಡಕು ವರ್ಷದ್ದು. ಹೈದರಾಬಾದಿನ ಫಸಲಿ ವರ್ಷ ಆಜೂರ್ ಮಾಸದಿಂದ, ಸುಮಾರು ಅಕ್ಟೋಬರ್ ಆರಂಭದಿಂದ, ಮೊದಲಾಗುತ್ತಿತ್ತು. ಹೆಸರೇ ಹೇಳುವಂತೆ ಅದು ಫಸಲಿನ ವರ್ಷ. ಅದರ ಸ್ಥಾನದಲ್ಲಿ ಬಂದ ಏಪ್ರಿಲ್-ಮಾರ್ಚ್ ವರ್ಷಕ್ಕೆ ಈ ನೆಲದ ಬಿತ್ತನೆಯೊಡನೆಯಾಗಲಿ ಸುಗ್ಗಿಯೊಡನೆಯಾಗಲಿ ಸಂಬಂಧವಿಲ್ಲ. ಸಂಬಳದಾರನಿಗೆ ಇದು ಚಿಕ್ಕ ಸಂಗತಿ. ಸಂಬಳದ ಜೊತೆಗೆ ಹೊಲವನ್ನೂ ಉಳ್ಳವನಿಗೆ ಅದು ಚಿಕ್ಕದಾಗಿ ಉಳಿಯಲಿಲ್ಲ.

ಈ ಪರಿಸರದಲ್ಲಿ ಸಂಬಳವೆಂಬುದು ದೊಡ್ಡ ಪ್ರಮಾಣದಲ್ಲಿ ನೆಲೆಗೊಂಡದ್ದು ಹಟ್ಟಿಯಲ್ಲಿ. ಪ್ರಾಚೀನ ಕಾಲದಲ್ಲಿಯೇ ಆಳವಾಗಿ ಅಗೆಯಲ್ಪಟ್ಟಿದ್ದ ಈ ಗಣಿಯಲ್ಲಿ ನಿಜಾಮರ ಕಾಲದ ಕಂಪನಿಯೊಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲಸ ನಡೆಸಿ, 1920ರಲ್ಲಿ ನಿಲ್ಲಿಸಿತು. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಸಿ. ಬೀಡನ್ ಕೂಡ ಚಿನ್ನದ ಅನ್ವೇಷಣೆಯಲ್ಲಿದ್ದ ಇಂಜಿನಿಯರೇ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಚಿನ್ನ ಹುಡುಕಿದವನಿಗೆ ಅಶೋಕನ ಹೆಸರನ್ನೇ ಹೊತ್ತ ಬಂಡೆ ಸಿಕ್ಕಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಗಿ, ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಎಂಬ ಹೆಸರನ್ನು ಪಡೆಯಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಹಟ್ಟಿಯ ಪ್ರಾಮುಖ್ಯ ಇನ್ನಷ್ಟು ಹೆಚ್ಚಿತು.

ಗಣಿ ಕಾರ್ಮಿಕನ ಸಂಬಳ ಪಟ್ಟಿಯಲ್ಲಿ ಮೂಲ ವೇತನ ಒಂದು ಭಾಗ ಮಾತ್ರ. ತುಟ್ಟಿಭತ್ಯೆ, ಭೂಗತ ಭತ್ಯೆ, ಹೆಚ್ಚುವರಿ ಕೆಲಸದ ಕೂಲಿ, ಬೋನಸ್, ವೇತನ ಒಪ್ಪಂದ ತಡವಾಗಿ ಕುದುರಿದಾಗ ಬರುವ ಬಾಕಿ—ಇವೆಲ್ಲ ವರ್ಷದ ನಡುವೆ ಏರಿಳಿಯುವಂತಹವು. 1936ರ ವೇತನ ಪಾವತಿ ಕಾಯ್ದೆಯು ಸಂಬಳದಿಂದ ಹಿಡಿಯಲು ಅನುಮತಿಸಿದ ಬಾಬ್ತುಗಳಲ್ಲಿ ಆದಾಯ ತೆರಿಗೆಯೂ ಒಂದು. ಭವಿಷ್ಯನಿಧಿ, ಸಹಕಾರಿ ಸಂಘದ ಸಾಲಗಳ ಸಾಲಿನಲ್ಲಿ ಅದೂ ಸೇರಿತು. ತುಟ್ಟಿಭತ್ಯೆ ಬೆಲೆಯೊಡನೆ ಏರುತ್ತದೆ. ತೆರಿಗೆಯ ವಿನಾಯಿತಿ ಮಿತಿ ಸರ್ಕಾರ ಏರಿಸಿದಾಗ ಮಾತ್ರ ಏರುತ್ತದೆ. ಮಿತಿ ನಿಂತಲ್ಲೇ ನಿಂತ ವರ್ಷಗಳಲ್ಲಿ, ಕೊಳ್ಳುವ ಶಕ್ತಿ ಕಿಂಚಿತ್ತೂ ಹೆಚ್ಚದ ಕಾರ್ಮಿಕನೂ ತೆರಿಗೆಯ ವ್ಯಾಪ್ತಿಗೆ ಬಂದುಬಿಡುತ್ತಾನೆ. ದರ ಏರಿಸದೆಯೇ ತೆರಿಗೆ ಏರುವ ಈ ಬಗೆಯನ್ನು ಗಣಿಯ ಊರು ಬಹುಬೇಗ ಅನುಭವದಿಂದ ಅರಿಯುತ್ತದೆ. ಹಳೆಯ ಪದ್ಧತಿಯಲ್ಲಿ ಭೂಗತ ಗಣಿಯ ಪ್ರತಿಕೂಲ ವಾತಾವರಣದಲ್ಲಿ ದುಡಿಯುವವರ ಭತ್ಯೆಗೆ ತಿಂಗಳಿಗೆ 800 ರೂಪಾಯಿವರೆಗೆ ವಿನಾಯಿತಿ ಇತ್ತು. 2020ರಲ್ಲಿ ಬಂದ ಹೊಸ ಪದ್ಧತಿಯನ್ನು ಆಯ್ದುಕೊಂಡವರಿಗೆ ಅದು ದೊರೆಯಲಿಲ್ಲ. ವರ್ಷಕ್ಕೆ 9,600 ರೂಪಾಯಿಯ ಈ ಮೊತ್ತ ಅಲ್ಪವೇ. ಆದರೆ ನೆಲದಡಿಯ ದುಡಿಮೆಯನ್ನು ತೆರಿಗೆ ಕಾನೂನು ಬೇರೆಯಾಗಿ ಗುರುತಿಸಿದ್ದುದರ ಕುರುಹು ಅದಾಗಿತ್ತು.

1961ರ ಆದಾಯ ತೆರಿಗೆ ಕಾಯ್ದೆಯ 192ನೇ ಕಲಂ ಮುಂದಿನ ಆರು ದಶಕಗಳ ಕಾಲ ಸಂಬಳದ ಕಡಿತವನ್ನು ಆಳಿತು. ಉದ್ಯೋಗದಾತನು ನೌಕರನ ಇಡೀ ವರ್ಷದ ಸಂಬಳವನ್ನು ಅಂದಾಜು ಮಾಡಿ, ಅದಕ್ಕೆ ತಗಲುವ ತೆರಿಗೆಯ ಸರಾಸರಿ ದರವನ್ನು ಕಂಡುಕೊಂಡು, ಪ್ರತಿ ಬಟವಾಡೆಯಲ್ಲೂ ಆ ದರದಂತೆ ಹಿಡಿಯಬೇಕು. ಹಿಂದಿನ ತಿಂಗಳುಗಳಲ್ಲಿ ಹೆಚ್ಚಾದುದನ್ನಾಗಲಿ ಕಡಿಮೆಯಾದುದನ್ನಾಗಲಿ ವರ್ಷದೊಳಗೆ ಸರಿದೂಗಿಸಬಹುದು. ಕಲಮಿನ ಆಶಯ ಸಮವಾದ ಹಂಚಿಕೆ. ಆಚರಣೆಯಲ್ಲಿ ‘ಸರಿದೂಗಿಸಬಹುದು’ ಎಂಬ ಮಾತೇ ಪ್ರಧಾನವಾಯಿತು. ವರ್ಷಕ್ಕೆ 36,000 ರೂಪಾಯಿ ತೆರಿಗೆ ಬರುವ ನೌಕರನಿಗೆ ತಿಂಗಳಿಗೆ 3,000 ಹಿಡಿಯಬೇಕು. ಮೊದಲ ಒಂಬತ್ತು ತಿಂಗಳು ಏನನ್ನೂ ಹಿಡಿಯದೆ ಉಳಿದರೆ ಜನವರಿ, ಫೆಬ್ರವರಿ, ಮಾರ್ಚ್‌ಗಳಲ್ಲಿ ತಲಾ 12,000 ಹೋಗುತ್ತದೆ. ತೆರಿಗೆ ಅಷ್ಟೇ, ಮನೆಯ ಮೇಲೆ ಆಗುವ ಪರಿಣಾಮ ಬೇರೆ. ಮದುವೆ-ಮುಂಜಿಗಳ ತಯಾರಿಯ ಕಾಲ ಅದು; ಮಕ್ಕಳ ಪರೀಕ್ಷೆಯ ನಂತರದ ಶುಲ್ಕದ ಚಿಂತೆಯೂ ಆಗಲೇ. ‘ಈ ತಿಂಗಳು ಪಗಾರ ಇಲ್ಲ’ ಎಂಬ ಮಾತು ಶಿಕ್ಷಕರ ನಡುವೆ ಫೆಬ್ರವರಿಯಲ್ಲಿ ಕೇಳಿಬರುವುದಕ್ಕೆ ತೆರಿಗೆಯ ದರಕ್ಕಿಂತ ಈ ಮುಂದೂಡಿಕೆಯೇ ಕಾರಣ.

ನೌಕರನು ತನ್ನ ಇತರ ಆದಾಯವನ್ನೂ, ವರ್ಷದ ನಡುವೆ ಕೆಲಸ ಬದಲಿಸಿದರೆ ಹಿಂದಿನ ಸಂಬಳವನ್ನೂ ಉದ್ಯೋಗದಾತನಿಗೆ ತಿಳಿಸುವ ಅವಕಾಶ 1980ರ ದಶಕದ ಕೊನೆಯ ತಿದ್ದುಪಡಿಗಳಿಂದ ದೊರೆಯಿತು. 1974ರಲ್ಲಿ ಬಂದ ಪ್ರಮಾಣಿತ ಕಡಿತವು ಲೆಕ್ಕವನ್ನು ಸರಳಗೊಳಿಸಿತ್ತು. 2005ರಲ್ಲಿ ಅದನ್ನು ತೆಗೆದುಹಾಕಿ, ಉಳಿತಾಯಕ್ಕೆ ದೊರೆಯುತ್ತಿದ್ದ ತೆರಿಗೆ ರಿಯಾಯಿತಿಯ ಬದಲು 80ಸಿ ಕಲಮಿನಡಿ ಒಂದು ಲಕ್ಷ ರೂಪಾಯಿವರೆಗೆ ಆದಾಯದಿಂದಲೇ ಕಳೆಯುವ ವ್ಯವಸ್ಥೆ ತರಲಾಯಿತು. 2014ರಲ್ಲಿ ಮಿತಿ ಒಂದೂವರೆ ಲಕ್ಷವಾಯಿತು. ಪ್ರಮಾಣಿತ ಕಡಿತ 2018ರಲ್ಲಿ 40,000 ರೂಪಾಯಿಯಾಗಿ ಮರಳಿ, 2019ರಲ್ಲಿ 50,000ಕ್ಕೆ ಏರಿತು. ಇದರ ನಡುವೆ ರಾಜ್ಯದ ಪಾಲೂ ಉಂಟು. 1976ರ ಕರ್ನಾಟಕ ವೃತ್ತಿ ತೆರಿಗೆ ಕಾಯ್ದೆಯಂತೆ ಅದೇ ಸಂಬಳ ಪಟ್ಟಿಯಲ್ಲಿ ಮತ್ತೊಂದು ಕಡಿತ ಸೇರಿತು. ಸಂವಿಧಾನದ 276ನೇ ವಿಧಿಯ ಮಿತಿ 1988ರ ತಿದ್ದುಪಡಿಯಿಂದ ವರ್ಷಕ್ಕೆ 2,500 ರೂಪಾಯಿ ಆಗಿದ್ದರೂ, ತಿಂಗಳಿಗೆ 200ರಂತೆ ವರ್ಷಕ್ಕೆ 2,400 ಮಾತ್ರ ಬರುತ್ತಿತ್ತು. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ 300 ಎಂದು ನಿಗದಿಪಡಿಸಿ ಆ ನೂರು ರೂಪಾಯಿಯನ್ನೂ ತುಂಬಿಕೊಳ್ಳಲಾಯಿತು. ಮೊದಲೇ ಭಾರವಾದ ಫೆಬ್ರವರಿಯನ್ನೇ ಇದಕ್ಕೂ ಆರಿಸಿದ್ದು ಕುತೂಹಲಕರ.

ಸಿಂಧನೂರಿನ ಕಡೆ ಸಮಸ್ಯೆಯ ಸ್ವರೂಪ ಇನ್ನೂ ಜಟಿಲ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ಮೇಲೆ, ಜೋಳ-ಹತ್ತಿಯ ಒಣಭೂಮಿಯಾಗಿದ್ದ ಸೀಮೆ ಭತ್ತದ ಬಯಲಾಯಿತು. ಅಕ್ಕಿ ಗಿರಣಿಗಳೂ ದಲಾಲಿ ಅಂಗಡಿಗಳೂ ಬೆಳೆದವು. ಭತ್ತದ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ. ಆದರೆ ಕೆ.ಎನ್. ರಾಜ್ ಸಮಿತಿಯ 1972ರ ವರದಿಯ ನಂತರ, 1973ರ ಹಣಕಾಸು ಕಾಯ್ದೆಯು ಕೃಷಿ ಆದಾಯವನ್ನು ದರ ನಿರ್ಧಾರಕ್ಕೆ ಮಾತ್ರ ಸೇರಿಸಿಕೊಳ್ಳುವ ವಿಧಾನವನ್ನು ತಂದಿತು. ಕೃಷಿಯೇತರ ಆದಾಯ ವಿನಾಯಿತಿ ಮಿತಿಯನ್ನು ದಾಟಿ, ನಿವ್ವಳ ಕೃಷಿ ಆದಾಯವೂ 5,000 ರೂಪಾಯಿ ಮೀರಿದಾಗ ಎರಡನ್ನೂ ಕೂಡಿಸಿ ತೆರಿಗೆ ಲೆಕ್ಕಹಾಕಿ, ಕೃಷಿ ಆದಾಯಕ್ಕೆ ವಿನಾಯಿತಿ ಮಿತಿಯನ್ನು ಸೇರಿಸಿದ ಮೊತ್ತದ ತೆರಿಗೆಯನ್ನು ಅದರಿಂದ ಕಳೆಯಲಾಗುತ್ತದೆ.

ಉದಾಹರಣೆಗೆ 2025-26ರ ಹೊಸ ಪದ್ಧತಿಯ ದರಗಳನ್ನು ತೆಗೆದುಕೊಳ್ಳಬಹುದು. ಪ್ರಮಾಣಿತ ಕಡಿತದ ನಂತರ 14 ಲಕ್ಷ ರೂಪಾಯಿ ಸಂಬಳದ ಆದಾಯವುಳ್ಳ ಉಪನ್ಯಾಸಕನಿಗೆ ತೆರಿಗೆ 90,000; ಶೇ. 4ರ ಉಪಕರ ಸೇರಿ 93,600. ಸಂಬಳ ಕೊಡುವ ಕಚೇರಿ ಹಿಡಿಯುವುದು ಇಷ್ಟನ್ನೇ. ಅವನಿಗೆ ಕಾಲುವೆ ನೀರಿನ ಹೊಲದಿಂದ 3 ಲಕ್ಷ ನಿವ್ವಳ ಆದಾಯವಿದ್ದರೆ, 17 ಲಕ್ಷದ ಮೇಲಿನ 1,40,000ದಿಂದ 7 ಲಕ್ಷದ ಮೇಲಿನ 15,000 ಕಳೆದು ತೆರಿಗೆ 1,25,000 ಆಗುತ್ತದೆ. ಉಪಕರ ಸೇರಿ 1,30,000. ವ್ಯತ್ಯಾಸ 36,400 ರೂಪಾಯಿ. ತೆರಿಗೆಯಿಲ್ಲದ ಭತ್ತದ ಬಾಬ್ತು ಬರುವ ಈ ತೆರಿಗೆ ಸಂಬಳ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಬಾಕಿ 10,000 ರೂಪಾಯಿ ಮುಟ್ಟಿದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ನೇ ತಾರೀಖಿನೊಳಗೆ ಕಂತುಗಳಲ್ಲಿ ಮುಂಗಡವಾಗಿ ತುಂಬಬೇಕು, ಇಲ್ಲವಾದರೆ ಬಡ್ಡಿ. ಜೂನ್ 15ಕ್ಕೆ ಮುಂಗಾರಿನ ಭತ್ತ ಸಸಿಮಡಿಯನ್ನೂ ಬಿಟ್ಟಿರುವುದಿಲ್ಲ. ಎರಡನೆಯ ಬೆಳೆಯ ಕೊಯ್ಲು ಮಾರ್ಚ್ 31 ದಾಟಿ ಏಪ್ರಿಲ್-ಮೇ ತಿಂಗಳಿಗೆ ಬೀಳುತ್ತದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದ ರಾತ್ರಿ ಇಡೀ ಅಚ್ಚುಕಟ್ಟಿನ ವರ್ಷದ ಅಂದಾಜೇ ಅಲುಗಾಡಿತು. ಕಾನೂನು ಬಯಸುವ ಮುಂದಾಲೋಚನೆಗೆ ಹೊಲವು ಕೊಡಬಲ್ಲ ಖಚಿತತೆ ಇಷ್ಟೇ. ಆದುದರಿಂದ ಈ ಸೀಮೆಯ ಸಂಬಳದಾರನು ಮುಂಗಡ ಲೆಕ್ಕವನ್ನು ತಪ್ಪಿಸುತ್ತಾನೆಂದು ದೂರುವ ಮುನ್ನ, ಅವನ ಆದಾಯದ ಅರ್ಧಭಾಗ ಬೇರೊಂದು ಪಂಚಾಂಗಕ್ಕೆ ಸೇರಿದ್ದೆಂಬುದನ್ನು ಗಮನಿಸುವುದು ನ್ಯಾಯ.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬದಲಾದದ್ದು ಮುಖ್ಯವಾಗಿ ದಾಖಲೆಯ ರೀತಿ. ಖಾಯಂ ಖಾತೆ ಸಂಖ್ಯೆ, ಕಡಿತ ಮಾಡುವ ಪ್ರತಿ ಕಚೇರಿಗೂ ಪ್ರತ್ಯೇಕ ಸಂಖ್ಯೆ, ತ್ರೈಮಾಸಿಕ ವಿವರಗಳ ವಿದ್ಯುನ್ಮಾನ ಸಲ್ಲಿಕೆ ರೂಢಿಗೆ ಬಂದವು. 2002ರಲ್ಲಿ ಆರಂಭವಾದ ಖಜಾನೆ ಗಣಕೀಕರಣವೂ ನಂತರ ಬಂದ ಮಾನವ ಸಂಪನ್ಮೂಲ ನಿರ್ವಹಣಾ ವ್ಯವಸ್ಥೆಯೂ ರಾಜ್ಯ ನೌಕರರ ಕೈಬರಹದ ಸಂಬಳ ಬಿಲ್ಲನ್ನು ಚರಿತ್ರೆಗೆ ಸೇರಿಸಿದವು. 2010ರ ಏಪ್ರಿಲ್‌ನಿಂದ ಖಾಯಂ ಖಾತೆ ಸಂಖ್ಯೆ ಕೊಡದವರ ತೆರಿಗೆಯೋಗ್ಯ ಪಾವತಿಯ ಮೇಲೆ ಕನಿಷ್ಠ ಶೇ. 20 ಹಿಡಿಯುವ ನಿಯಮ ಬಂದಿತು. 2012ರ ಜುಲೈಯಿಂದ ವಿವರ ಸಲ್ಲಿಕೆ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. 2015ರ ಜೂನ್‌ಗೆ ಹಿಂದಿನ ಅವಧಿಗೆ ಇದನ್ನು ವಿವರಗಳ ಪರಿಷ್ಕರಣೆಯ ಹಂತದಲ್ಲಿ ವಿಧಿಸಿದ್ದು ಸಲ್ಲದೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2016ರಲ್ಲಿ ತೀರ್ಪಿತ್ತಿತು. ಕಡಿತವಾದ ಹಣ ತನ್ನ ಹೆಸರಿಗೆ ಜಮೆಯಾಗಿದೆಯೇ ಎಂಬುದನ್ನು ನೌಕರನು 26ಎಎಸ್ ಪಟ್ಟಿಯಲ್ಲಿ ತಾನೇ ನೋಡಬಹುದಾಯಿತು. ಇದು ಸಣ್ಣ ಮಾತಲ್ಲ. ಸಂಬಳದಿಂದ ಹಿಡಿದ ಮೇಲೆ ಅದೇ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳಕೂಡದೆಂದು 1961ರ ಕಾಯ್ದೆಯ 205ನೇ ಕಲಂ ಸ್ಪಷ್ಟವಾಗಿ ಹೇಳಿತ್ತು; ಆದರೂ ಜಮೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಗಣಕಯಂತ್ರದ ಬೇಡಿಕೆ ಪತ್ರ ಅವನ ವಿಳಾಸಕ್ಕೇ ಬರುತ್ತಿತ್ತು. ಅಂತಹ ಸಂದರ್ಭದಲ್ಲಿ ಅವನ ಕೈಯಲ್ಲಿರುವ ರಕ್ಷಣೆ ಸಂಬಳ ಪಟ್ಟಿ ಮತ್ತು ಫಾರಂ 16 ಮಾತ್ರ.

ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ 2018ರಲ್ಲಿ ಮಸ್ಕಿ ತಾಲ್ಲೂಕು ಅಸ್ತಿತ್ವಕ್ಕೆ ಬಂದಾಗ ಹೊಸ ಕಚೇರಿಗಳೊಡನೆ ಹೊಸ ಬಟವಾಡೆ ಅಧಿಕಾರಿಗಳೂ ಬಂದರು. ತಾಲ್ಲೂಕು ರಚನೆಯನ್ನು ಗಡಿ, ಆಡಳಿತ, ರಾಜಕೀಯಗಳ ದೃಷ್ಟಿಯಿಂದ ನೋಡುವುದು ವಾಡಿಕೆ. ಸಂಬಳದ ಬಿಲ್ಲು ಒಂದು ಕಚೇರಿಯಿಂದ ಮತ್ತೊಂದಕ್ಕೆ ವರ್ಷದ ನಡುವೆ ವರ್ಗವಾದಾಗ, ಹಿಂದಿನ ಕಚೇರಿ ಹಿಡಿದ ತೆರಿಗೆಯ ವಿವರ ಹೊಸ ಕಚೇರಿಗೆ ತಲುಪದಿದ್ದರೆ, ಎರಡೂ ಕಡೆ ವಿನಾಯಿತಿ ಮಿತಿಯನ್ನು ಕೊಟ್ಟು ಕಡಿಮೆ ಹಿಡಿಯುವ ಅಪಾಯವಿದೆ. ಕೊರತೆ ಕೊನೆಗೆ ನೌಕರನ ತಲೆಗೇ ಬರುತ್ತದೆ.

2020ರಿಂದ ಈಚಿನ ಬದಲಾವಣೆಗಳು ಮುಂಗಡ ಲೆಕ್ಕದ ಅರ್ಥವನ್ನೇ ಮಾರ್ಪಡಿಸಿವೆ. 2016ರ ಜೂನ್‌ನಿಂದ 12ಬಿಬಿ ಫಾರಂನಲ್ಲಿ ಮನೆಬಾಡಿಗೆ, ಸಾಲದ ಬಡ್ಡಿ, ವಿಮೆಯ ದಾಖಲೆಗಳನ್ನು ಒಪ್ಪಿಸುವುದೇ ನೌಕರನ ವಾರ್ಷಿಕ ಕರ್ತವ್ಯವಾಗಿತ್ತು. 2020ರಲ್ಲಿ ವಿನಾಯಿತಿಗಳು ವಿರಳವಾದ ಹೊಸ ಪದ್ಧತಿ ಐಚ್ಛಿಕವಾಗಿ ಬಂದಿತು. 2023-24ರಿಂದ ಅದೇ ಸಹಜ ಪದ್ಧತಿಯಾಯಿತು. ನೌಕರನು ಹಳೆಯದು ಬೇಕೆಂದು ತಿಳಿಸದಿದ್ದರೆ ಹೊಸ ಪದ್ಧತಿಯಂತೆಯೇ ಹಿಡಿಯಬೇಕು. ಮೌನವೂ ಒಂದು ಆಯ್ಕೆಯಾಯಿತು. ಹೊಸ ಪದ್ಧತಿಯಲ್ಲಿ ಪ್ರಮಾಣಿತ ಕಡಿತ 2024ರಲ್ಲಿ 75,000ಕ್ಕೆ ಏರಿ, 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ಪೂರ್ಣ ರಿಯಾಯಿತಿ ದೊರೆತಾಗ, 12,75,000 ರೂಪಾಯಿವರೆಗೆ ಸಂಬಳದ ಹೊರತು ಬೇರೆ ಆದಾಯವಿಲ್ಲದವರು ತೆರಿಗೆಯಿಂದ ಹೊರಬಂದರು. 2024ರ ಅಕ್ಟೋಬರ್‌ನಿಂದ ಬೇರೆಡೆ ಹಿಡಿಯಲಾದ ತೆರಿಗೆಯನ್ನು ಉದ್ಯೋಗದಾತನಿಗೆ ತಿಳಿಸಿ ಸಂಬಳದ ಕಡಿತವನ್ನು ತಗ್ಗಿಸಿಕೊಳ್ಳುವ ಅವಕಾಶವೂ ಬಂದಿತು. ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು ಹಿಡಿದ ಹಣಕ್ಕಾಗಿ ಮರುಪಾವತಿಯ ದಾರಿ ಕಾಯುವುದು ಇದರಿಂದ ತಪ್ಪಿತು.

ಆದರೆ ಪೂರ್ಣ ರಿಯಾಯಿತಿಯ ಅಂಚಿನಲ್ಲಿ ಒಂದು ಕಡಿದಾದ ಇಳುಕಲಿದೆ. ಬಾಕಿ ವೇತನ ಪಡೆಯುವ ಗಣಿ ಕಾರ್ಮಿಕನೂ ಸರ್ಕಾರಿ ನೌಕರನೂ ಅದನ್ನು ಅರಿತಿರುವುದು ಅಗತ್ಯ. ವರ್ಷಕ್ಕೆ 12,60,000 ರೂಪಾಯಿ ಸಂಬಳವುಳ್ಳವನಿಗೆ 2025-26ರಲ್ಲಿ ತೆರಿಗೆಯಿಲ್ಲ; ತಿಂಗಳ ಕಡಿತವೂ ಇಲ್ಲ. ಮಾರ್ಚ್‌ನಲ್ಲಿ 40,000 ರೂಪಾಯಿ ಬಾಕಿ ಬಂದಿತೆನ್ನೋಣ. ಆದಾಯ 12,25,000 ಆಗುತ್ತದೆ. ಸಾಮಾನ್ಯ ಲೆಕ್ಕದಂತೆ 63,750 ರೂಪಾಯಿ ತೆರಿಗೆ ಬರುವುದಾದರೂ, 12 ಲಕ್ಷ ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದೆಂಬ ಅಂಚಿನ ಪರಿಹಾರದಿಂದ ಅದು 25,000ಕ್ಕೆ ಇಳಿಯುತ್ತದೆ. ಉಪಕರ ಸೇರಿ 26,000. ನಲವತ್ತು ಸಾವಿರ ಬಂದಿತೆಂದು ಲೆಕ್ಕಿಸಿದವನಿಗೆ ಕೈಗೆ ದಕ್ಕುವುದು ಹದಿನಾಲ್ಕು ಸಾವಿರ. ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ, ಎಂದರೆ ತೆರಿಗೆ ವರ್ಷದ ಐದನೆಯ ತಿಂಗಳಲ್ಲಿ, ಜಾರಿಯಾದದ್ದನ್ನು ನೆನೆದರೆ, ವರ್ಷದ ಮೊದಲ ಅಂದಾಜನ್ನು ನಡುವೆ ತಿದ್ದಿಕೊಳ್ಳದ ಕಚೇರಿಗಳಲ್ಲಿ ಏನಾಗಬಹುದೆಂಬುದು ಊಹ್ಯ.

1961ರ ಕಾಯ್ದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪುಗೊಂಡಿತು. ಹಿಂದಿನ ವರ್ಷ, ನಿರ್ಧರಣ ವರ್ಷ ಎಂಬ ಜೋಡಿ ಹೆಸರುಗಳು ಹೋಗಿ ‘ತೆರಿಗೆ ವರ್ಷ’ವೆಂಬ ಒಂದೇ ಹೆಸರು ಬಂದಿತು, ಸಂಬಳದ ಕಡಿತ 192ರಿಂದ 392ನೇ ಕಲಮಿಗೆ ಸ್ಥಳಾಂತರಗೊಂಡಿತು. ವರ್ಷದ ಆದಾಯವನ್ನು ಅಂದಾಜಿಸಿ ಸರಾಸರಿ ದರದಲ್ಲಿ ಹಿಡಿಯುವ ತತ್ತ್ವ ಮಾತ್ರ ಹಾಗೆಯೇ ಉಳಿಯಿತು. ಹಿಂದಿನ ವರ್ಷಗಳಿಗೆ ಸೇರಿದ ಬಾಕಿ ವೇತನ ಒಂದೇ ವರ್ಷ ಬಂದಾಗ ಆಗುವ ಹೆಚ್ಚಿನ ಹೊರೆಗೆ 1961ರ ಕಾಯ್ದೆಯ 89ನೇ ಕಲಂ ಪರಿಹಾರ ಒದಗಿಸಿತ್ತು. ಅದನ್ನು ಪಡೆಯಲು ಆದಾಯದ ವಿವರ ಸಲ್ಲಿಸುವ ಮುನ್ನವೇ 10ಇ ಫಾರಂ ತುಂಬಬೇಕಿತ್ತು. ತುಂಬಲು ಬಾಕಿ ಯಾವ ಯಾವ ವರ್ಷಕ್ಕೆ ಎಷ್ಟೆಷ್ಟು ಸೇರಿದ್ದು, ಆ ವರ್ಷಗಳಲ್ಲಿ ಆದಾಯವೆಷ್ಟಿತ್ತು, ತೆರಿಗೆಯೆಷ್ಟು ಕಡಿತವಾಗಿತ್ತು ಎಂಬ ಲೆಕ್ಕ ಬೇಕಾಗುತ್ತಿತ್ತು. ಹಳೆಯ ಸಂಬಳ ಪಟ್ಟಿಗಳನ್ನು ಕಟ್ಟಿಟ್ಟುಕೊಂಡವರಿಗೆ ಆ ಪರಿಹಾರ ಸುಲಭವಾಗಿ ದೊರೆಯಿತು. ಉಳಿದವರು ಕಚೇರಿಯ ಕಪಾಟುಗಳಲ್ಲಿ ಅವನ್ನು ಹುಡುಕಬೇಕಾಯಿತು.